ಎದೆಯ ಗಂಟು ತೆಗೆಸಿದ ಮೇಲೆ ಹೇಗಿರುತ್ತದೆ?

ಬಯಾಪ್ಸಿಯಲ್ಲಿ ಫೈಬ್ರೊಅಡೆನೋಮಾ ಅಂತ ಬಂದಿದೆ, ಕ್ಯಾನ್ಸರ್ ಅಲ್ಲ. ಬೆಳೆಯುತ್ತಿದೆ ಅಂತ ತೆಗೆಸಲು ಹೇಳಿದ್ದಾರೆ. ನೋವು ಜಾಸ್ತಿ ಇರುತ್ತಾ? ಕಲೆ ಉಳಿಯುತ್ತಾ?

ಉತ್ತರ: ನನಗೂ ಇದೇ ಆಗಿತ್ತು. ಅರಿವಳಿಕೆ ಕೊಟ್ಟು ಮಾಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ, ಆದರೆ ಅರಿವಳಿಕೆಯ ಮಂಪರು ಪೂರ್ತಿ ಇಳಿದಿರುವುದಿಲ್ಲ, ಹಾಗಾಗಿ ಜೊತೆಗೆ ಯಾರಾದರೂ ಇರಲಿ. ನೋವು ಮಾಮೂಲಿ ಮಾತ್ರೆಗೆ ತಗ್ಗಿತು. ಚರ್ಮ ನೀಲಿಗಟ್ಟಿ, ಹಳದಿಯಾಗಿ, ಆಮೇಲೆ ಸರಿಹೋಯಿತು. ಮುಂದೆ ಬಟನ್ ಇರುವ ಅಂಗಿ ಹಾಕಿಕೊಳ್ಳಿ, ಕೈ ಎತ್ತಿದರೆ ಎಳೆಯುತ್ತದೆ.

ಉತ್ತರ: ತಂತಿ ಇಲ್ಲದ ಮೆತ್ತನೆ ಬ್ರಾ ರಾತ್ರಿಯೂ ಇರಲಿ. ಗಾಯದ ಕೆಳಗೆ ಗಟ್ಟಿ ಅನಿಸಿದರೆ ಗಂಟು ವಾಪಸ್ ಬಂತು ಅಂತ ಸುಮ್ನೆ ಹೆದರಬೇಡಿ, ವಾಸಿಯಾಗುವಾಗ ಹಾಗಾಗುತ್ತದೆ. ಜ್ವರ, ಕೀವು ಕಂಡರೆ ಮಾತ್ರ ಕಾಯಬೇಡಿ.

ಉತ್ತರ: ಎಲ್ಲಿ ಕೊಯ್ಯುತ್ತಾರೆ ಅಂತ ಮೊದಲೇ ಕೇಳಿ. ಕೆಲವು ಸಲ ತೊಟ್ಟಿನ ಸುತ್ತಲಿನ ಕಪ್ಪು ಭಾಗದ ಅಂಚಿನಲ್ಲೇ ಕೊಯ್ಯುತ್ತಾರೆ, ಕಲೆ ಅಷ್ಟಾಗಿ ಕಾಣುವುದಿಲ್ಲ. ತೆಗೆದ ಗಂಟಿನ ಲ್ಯಾಬ್ ರಿಪೋರ್ಟನ್ನೂ ಕೇಳಿ ಪಡೆದುಕೊಳ್ಳಿ.