ಮಾರ್ಕ್ಸ್ ಬರುತ್ತೆ, ಅರ್ಥ ಆಗಿದೆಯಾ?

ಪ್ರಶ್ನೆ: ಏಳನೇ ತರಗತಿಗೆ ಗಣಿತ, ವಿಜ್ಞಾನ ಎರಡೂ ನನ್ನದೇ. ಎಫ್‌ಎ (ಪಾಠದ ನಡುನಡುವೆ ಕೊಡುವ ಮೌಲ್ಯಮಾಪನ) ಟೆಸ್ಟ್‌ನಲ್ಲಿ ಮಕ್ಕಳು ಚೆನ್ನಾಗಿಯೇ ಬರೆಯುತ್ತಾರೆ. ಅದನ್ನೇ ಸ್ವಲ್ಪ ತಿರುಗಿಸಿ ಕೇಳಿದರೆ ಮುಖ ಮುಖ ನೋಡುತ್ತಾರೆ. ಪಾಠ ನಿಜವಾಗಿ ತಲೆಗೆ ಹೋಗಿದೆಯಾ ಅಂತ ನೀವೆಲ್ಲ ಹೇಗೆ ಕಂಡುಹಿಡಿಯುತ್ತೀರಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಹೈಸ್ಕೂಲ್ ಗಣಿತ ಮೇಷ್ಟ್ರು:
ಮೇಡಂ, ಮೊದಲು "ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಡಿ. "ಆಯ್ತು ಸಾರ್" ಅನ್ನುವುದು ಹಾಜರಿಗೆ ಓಗೊಟ್ಟ ಹಾಗೆ, ತಾನಾಗಿಯೇ ಬಾಯಿಗೆ ಬರುತ್ತದೆ.

ಬೋರ್ಡ್ ಮೇಲೆ 8 + 4 = __ + 5 ಅಂತ ಬರೆದು ನೋಡಿ. ಬಹಳ ಮಕ್ಕಳು 12 ಅನ್ನುತ್ತಾರೆ. ಕೆಲವರು ಎಲ್ಲ ಕೂಡಿಸಿ 17 ಮಾಡುತ್ತಾರೆ. ಕೂಡಲು ಬರುವುದಿಲ್ಲ ಅಂತಲ್ಲ. = ಚಿಹ್ನೆ ಕಂಡರೆ "ಇಲ್ಲಿ ಉತ್ತರ ಬರಿ" ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಎರಡೂ ಕಡೆ ಸಮ ಇರಬೇಕು ಅನ್ನುವುದು ಹೋಗಿಲ್ಲ. ಮುಂದೆ ಸಮೀಕರಣ ಬಂದಾಗ ಇದೇ ಕಾಡುತ್ತದೆ.

ಇನ್ನೊಂದು ದಶಮಾಂಶ. 0.7, 0.25 ಇವೆರಡರಲ್ಲಿ ಯಾವುದು ದೊಡ್ಡದು? ಏಳಕ್ಕಿಂತ 25 ದೊಡ್ಡದಲ್ವಾ ಅಂತ 0.25 ಅನ್ನುವವರು ತಕ್ಷಣ ಸಿಕ್ಕಿಬೀಳುತ್ತಾರೆ. ಅವರನ್ನು ತಿದ್ದಬಹುದು. ನನಗೆ ಚಿಂತೆ 0.7 ಅಂತ ಸರಿಯಾಗಿ ಹೇಳಿದವರದ್ದು. "ಯಾಕಮ್ಮ?" ಅಂದರೆ ಒಬ್ಬಳು, "ಚುಕ್ಕಿ ಆದಮೇಲೆ ಅಂಕಿ ಜಾಸ್ತಿ ಇದ್ದಷ್ಟೂ ಚಿಕ್ಕದು ಸಾರ್" ಅಂದಳು. ಹತ್ತನೇ ಒಂದಕ್ಕಿಂತ ನೂರನೇ ಒಂದು ಚಿಕ್ಕದು ಅಂತ ನಾನೇ ಹೇಳಿದ್ದನ್ನು ಹೀಗೆ ಹಿಡಿದುಕೊಂಡಿದ್ದಾಳೆ! ಅಂಥವರಿಗೆ 0.3, 0.45 ಕೊಡಿ, 0.3 ದೊಡ್ಡದು ಅನ್ನುತ್ತಾರೆ. ಅದಕ್ಕೇ ಎರಡೂ ಜೋಡಿ ಒಟ್ಟಿಗೇ ಕೊಡಬೇಕು. ಒಂದೇ ಜೋಡಿ ಕೊಟ್ಟರೆ ತಪ್ಪು ನಿಯಮಕ್ಕೂ ಪೂರ್ತಿ ಮಾರ್ಕ್ಸ್ ಸಿಗುತ್ತದೆ. ಪ್ರಶ್ನೆಪತ್ರಿಕೆ ತಯಾರಿಸುವಾಗ ಇಷ್ಟೆಲ್ಲ ಯಾರು ನೋಡುತ್ತಾರೆ, ಬಿಡಿ.

ವಿಜ್ಞಾನ ಟೀಚರ್:
ದ್ಯುತಿಸಂಶ್ಲೇಷಣೆ ಮುಗಿದ ಮೇಲೆ ನಾನು ವ್ಯಾಖ್ಯೆ ಕೇಳುವುದಿಲ್ಲ. ಅಂಗಳದ ಬೇವಿನ ಮರ ತೋರಿಸಿ, "ಒಂದು ಬೀಜದಿಂದ ಬಂದಿದ್ದು. ಇಷ್ಟು ತೂಕ ಎಲ್ಲಿಂದ ಬಂತು?" ಅನ್ನುತ್ತೇನೆ. ಸಮೀಕರಣ ಪಟಪಟ ಒಪ್ಪಿಸಿದವರೇ "ಮಣ್ಣಿಂದ ಮಿಸ್, ಗೊಬ್ಬರದಿಂದ" ಅನ್ನುತ್ತಾರೆ.

ಆಗ ವಾನ್ ಹೆಲ್ಮಾಂಟ್ ಕಥೆ ತೆಗೆಯುತ್ತೇನೆ. 17ನೇ ಶತಮಾನದ ವಿಜ್ಞಾನಿ. ಕುಂಡದಲ್ಲಿ ವಿಲೋ ಗಿಡ ನೆಟ್ಟು 5 ವರ್ಷ ಬರೀ ನೀರು ಹಾಕಿದ. ಮರದ ತೂಕ 70 ಕೆಜಿಗೂ ಜಾಸ್ತಿ ಏರಿತು. ಮಣ್ಣು ಕಡಿಮೆಯಾಗಿದ್ದು ಸುಮಾರು 60 ಗ್ರಾಂ ಅಷ್ಟೇ. ಹಾಗಾದರೆ ಎಲ್ಲ ನೀರಿನಿಂದಲೇ ಬಂತು ಅಂತ ತೀರ್ಮಾನಿಸಿದ. "ಅವನು ಏನನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ?" ಅಂತ ಕೇಳಿ. ಸುಮ್ನೆ "ಗಾಳಿ" ಅಂತ ಊಹಿಸುವವರು ಇದ್ದೇ ಇರುತ್ತಾರೆ. "ಗಾಳಿಗೆ ತೂಕ ಇದೆಯಾ? ಅದು ಕಟ್ಟಿಗೆ ಹೇಗಾಗುತ್ತೆ?" ಅಂತ ಮುಂದಕ್ಕೆ ತಳ್ಳಿ. ಎಲೆ, ಇಂಗಾಲದ ಡೈಆಕ್ಸೈಡ್, ಸಕ್ಕರೆ ಅಂತ ತನ್ನ ಮಾತಲ್ಲೇ ಜೋಡಿಸಿಕೊಂಡು ಹೋದರೆ ಆ ಮಗುವಿಗೆ ಪಾಠ ಸಿಕ್ಕಿದೆ. ನನ್ನ ಅನುಭವದಲ್ಲಿ ಹೀಗೆ ಹೇಳುವವರು ಯಾವಾಗಲೂ ಮೊದಲ ಬೆಂಚಿನವರಲ್ಲ.

ಸರ್ಕಾರಿ ಶಾಲೆ ಶಿಕ್ಷಕಿ:
ಕ್ಲಾಸಲ್ಲಿ 60 ಮಕ್ಕಳಿದ್ದರೆ ಒಬ್ಬೊಬ್ಬರನ್ನೇ "ಯಾಕೆ" ಅಂತ ಕೇಳೋಕೆ ಆಗುತ್ತಾ ಸರ್? ನಾನು ಬೆಲ್ ಹೊಡೆಯುವ ಮುಂಚೆ ಚೀಟಿ ಬರೆಸುತ್ತೇನೆ. ಒಂದೇ ಪ್ರಶ್ನೆ. ಉತ್ತರ ಒಂದು ಸಾಲು, ಕಾರಣ ಒಂದು ಸಾಲು. ಸ್ಟಾಫ್ ರೂಮಲ್ಲಿ ಕೂತು ಕಾರಣ ನೋಡಿ ಬೇರೆ ಬೇರೆ ಮಾಡಿದರೆ ನಾಳೆ ಏನು ಹೇಳಬೇಕು ಅಂತ ಗೊತ್ತಾಗುತ್ತದೆ. ಮಾರ್ಕ್ಸ್ ಮಾತ್ರ ಹಾಕಬೇಡಿ. ಹಾಕಿದರೆ ಪಕ್ಕದವರದ್ದು ನೋಡಿ ಬರೆಯುತ್ತಾರೆ.

ಮನೆಯಲ್ಲಿ ಲಂಬಾಣಿ, ಉರ್ದು ಮಾತಾಡುವ ಮಕ್ಕಳು ಕಾರಣ ಬರೆಯಲು ಒದ್ದಾಡುತ್ತಾರೆ. ಅದನ್ನು ನೋಡಿ ಅರ್ಥ ಆಗಿಲ್ಲ ಅಂದುಕೊಳ್ಳಬೇಡಿ. ಮೇಷ್ಟ್ರು ಹೇಳಿದ 0.3, 0.45 ಅನ್ನೇ ಚೌಕಳಿ ಹಾಳೆಯಲ್ಲಿ ಬಣ್ಣ ತುಂಬಿ ತೋರಿಸಲಿ. 100 ಚೌಕದಲ್ಲಿ 0.3ಕ್ಕೆ 30 ತುಂಬುತ್ತಾರಾ, ಮೂರೇ ತುಂಬುತ್ತಾರಾ ನೋಡಿ. ಒಂದು ಮಾತೂ ಬರೆಸಬೇಕಾಗಿಲ್ಲ.