ಇಂಗ್ಲೆಂಡ್, ಬ್ರಿಟನ್, ಯುನೈಟೆಡ್ ಕಿಂಗ್‌ಡಮ್: ಯಾವ ಹೆಸರು ಎಲ್ಲಿ ಸರಿ?

ಪ್ರೌಢಶಾಲೆಯ ಮಕ್ಕಳಿಗಾಗಿ ಬ್ರಿಟಿಷರ ದೇಶವನ್ನು ಪರಿಚಯಿಸುವ ಚಿಕ್ಕ ಬರಹವೊಂದನ್ನು ಸಿದ್ಧಪಡಿಸುತ್ತಿದ್ದು, ಅದರ ಮೊದಲ ವಾಕ್ಯದಲ್ಲಿಯೇ ಪದದ ತೊಡಕು ಎದುರಾಗಿದೆ. ನಮ್ಮಲ್ಲಿ ಇಂಗ್ಲೆಂಡ್, ಬ್ರಿಟನ್, ಗ್ರೇಟ್ ಬ್ರಿಟನ್, ಯುನೈಟೆಡ್ ಕಿಂಗ್‌ಡಮ್ ಎಂಬ ನಾಲ್ಕೂ ಹೆಸರುಗಳು ಒಂದೇ ಅರ್ಥದವೆಂಬಂತೆ ಬಳಕೆಯಾಗುತ್ತವೆ. ಈ ಬಗ್ಗೆ ನನ್ನ ತಿಳಿವಳಿಕೆಯನ್ನು ಮೊದಲು ಮುಂದಿಟ್ಟು, ಉಳಿದ ಸಂದೇಹಗಳನ್ನು ಬಲ್ಲವರಲ್ಲಿ ಕೇಳುತ್ತೇನೆ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಎಂಬ ನಾಲ್ಕು ನಾಡುಗಳು ಕೂಡಿ ಆದ ದೇಶವಿದು. ವೇಲ್ಸ್ ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿಯ ಶಾಸನಗಳ ಮೂಲಕ ಇಂಗ್ಲೆಂಡಿನ ಆಡಳಿತದೊಳಗೆ ಸೇರಿತು. ಸ್ಕಾಟ್ಲೆಂಡಿನ ಅರಸ ಆರನೆಯ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೂ ಬಂದುದರಿಂದ ಎರಡು ರಾಜ್ಯಗಳಿಗೆ ಒಬ್ಬನೇ ದೊರೆಯಾದನು. ಆದರೆ ಸಂಸತ್ತುಗಳು ಬೇರೆಬೇರೆಯಾಗಿಯೇ ಉಳಿದು, 1707ರಲ್ಲಿ ಅವು ಒಂದಾದಾಗ ಮಾತ್ರ ಗ್ರೇಟ್ ಬ್ರಿಟನ್ ಎಂಬ ಹೆಸರಿನ ಒಂದು ರಾಜ್ಯ ಹುಟ್ಟಿತು. 1801ರಲ್ಲಿ ಐರ್ಲೆಂಡನ್ನೂ ಕೂಡಿಸಿಕೊಂಡು ಅದು ಯುನೈಟೆಡ್ ಕಿಂಗ್‌ಡಮ್ ಆಯಿತು. 1922ರಲ್ಲಿ ಐರ್ಲೆಂಡಿನ ಬಹುಭಾಗ ಬೇರೆಯಾದ ಮೇಲೆ, ಉಳಿದ ಆರು ಕೌಂಟಿಗಳ ಉತ್ತರ ಐರ್ಲೆಂಡನ್ನು ಸೇರಿಸಿಕೊಂಡು ‘ಗ್ರೇಟ್ ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ಯುನೈಟೆಡ್ ಕಿಂಗ್‌ಡಮ್’ ಎಂಬ ಈಗಿನ ಪೂರ್ಣ ಹೆಸರು ರೂಢಿಗೆ ಬಂದಿತು. ಅಂದರೆ ಗ್ರೇಟ್ ಬ್ರಿಟನ್ ಎಂಬುದು ಮೊದಲ ಮೂರು ನಾಡುಗಳಿರುವ ದೊಡ್ಡ ದ್ವೀಪದ ಹೆಸರು. ಈ ‘ಗ್ರೇಟ್’ ಶ್ರೇಷ್ಠತೆಯನ್ನು ಹೇಳುವಂಥದಲ್ಲ. ಕಡಲಾಚೆ ಫ್ರಾನ್ಸಿನಲ್ಲಿರುವ ಬ್ರಿಟನಿ ಎಂಬ ಸೀಮೆಯಿಂದ ಬೇರ್ಪಡಿಸಿ ಹೇಳಲು ‘ದೊಡ್ಡದು’ ಎಂಬ ಅರ್ಥದಲ್ಲಿ ಬಂದದ್ದು. ಆದ್ದರಿಂದ ‘ಮಹಾನ್ ಬ್ರಿಟನ್’ ಎಂದು ಕನ್ನಡಿಸುವುದು ಸಲ್ಲದು.

ಹೀಗಿರುವಾಗ ‘ಇಂಗ್ಲೆಂಡಿನ ಪ್ರಧಾನಿ’ ಎಂಬ ಮಾತು ನಿಲ್ಲುವುದಿಲ್ಲ, ಏಕೆಂದರೆ ಅಂಥ ಹುದ್ದೆಯೇ ಇಲ್ಲ. 1999ರಿಂದ ಎಡಿನ್‌ಬರೊದಲ್ಲಿ ಸ್ಕಾಟ್ಲೆಂಡಿಗೂ ಕಾರ್ಡಿಫ್‌ನಲ್ಲಿ ವೇಲ್ಸಿಗೂ ತಮ್ಮದೇ ಶಾಸನಸಭೆಗಳಿವೆ, ಬೆಲ್‌ಫಾಸ್ಟಿನಲ್ಲಿ ಉತ್ತರ ಐರ್ಲೆಂಡಿಗೂ ಒಂದಿದೆ. ವಿಚಿತ್ರವೆಂದರೆ ಇಂಗ್ಲೆಂಡಿಗೆ ಮಾತ್ರ ಪ್ರತ್ಯೇಕ ಸಭೆಯಿಲ್ಲ, ಲಂಡನ್ನಿನ ಸಂಸತ್ತೇ ಅದರ ವ್ಯವಹಾರವನ್ನೂ ನೋಡಿಕೊಳ್ಳುತ್ತದೆ. ‘ಇಂಗ್ಲೆಂಡಿನ ರಾಣಿ’ ಎಂಬುದೂ 1707ರ ಆನ್ ರಾಣಿಗೆ ಮುಗಿಯಿತು. ವಿಕ್ಟೋರಿಯಾಳನ್ನು ನಮ್ಮ ಪುಸ್ತಕಗಳು ಇಂದಿಗೂ ಹಾಗೆಯೇ ಕರೆಯುತ್ತವೆ. ಇದು ಕೂದಲು ಸೀಳುವ ವಾದವೆಂದು ತೋರಬಹುದು. ಆದರೆ ಸ್ಕಾಟ್ಲೆಂಡಿನವರಿಗೆ ಅದು ಹಾಗಿಲ್ಲ. ಮೊದಲನೆಯ ಎಲಿಜಬೆತ್ ಇಂಗ್ಲೆಂಡನ್ನು ಆಳಿದವಳೇ ಹೊರತು ಸ್ಕಾಟ್ಲೆಂಡನ್ನಲ್ಲ, ಆದ್ದರಿಂದ 1952ರಲ್ಲಿ ಪಟ್ಟಕ್ಕೆ ಬಂದ ಹೊಸ ರಾಣಿ ಎಲಿಜಬೆತ್ ನಮಗೆ ‘ಎರಡನೆಯ’ವಳು ಹೇಗಾದಾಳು ಎಂದು ಅಲ್ಲಿ ತಕರಾರು ಎದ್ದಿತು, ಎಡಿನ್‌ಬರೊದಲ್ಲಿ ಆಕೆಯ ಹೆಸರಿನ ಮೊದಲಕ್ಷರವನ್ನೂ ಎರಡು ಎಂಬ ಅಂಕಿಯನ್ನೂ ಹೊತ್ತು ನಿಂತ ಹೊಸ ಅಂಚೆಪೆಟ್ಟಿಗೆಯೊಂದನ್ನು 1953ರಲ್ಲಿ ಸ್ಫೋಟಿಸಿಯೇ ಬಿಟ್ಟರು. ಆಮೇಲೆ ಸ್ಕಾಟ್ಲೆಂಡಿನ ಅಂಚೆಪೆಟ್ಟಿಗೆಗಳ ಮೇಲೆ ಅಕ್ಷರಗಳ ಬದಲು ಸ್ಕಾಟ್ಲೆಂಡಿನ ಕಿರೀಟದ ಚಿತ್ರವಷ್ಟೇ ಬಂದಿತು.

ಕ್ರೀಡಾಪುಟದ ‘ಇಂಗ್ಲೆಂಡ್’ ಮಾತ್ರ ಸರಿಯಾಗಿಯೇ ಇದೆ. ಫುಟ್‌ಬಾಲಿನಲ್ಲಿ ನಾಲ್ಕು ನಾಡುಗಳಿಗೂ ಬೇರೆಬೇರೆ ತಂಡಗಳಿವೆ. ಕ್ರಿಕೆಟ್ಟಿನ ಇಂಗ್ಲೆಂಡ್ ತಂಡವನ್ನು ಇಂಗ್ಲೆಂಡ್ ಮತ್ತು ವೇಲ್ಸ್ ಮಂಡಳಿ ನಡೆಸುವುದರಿಂದ 2009ರ ಆಷಸ್ ಸರಣಿಯ ಮೊದಲ ಟೆಸ್ಟ್ ವೇಲ್ಸಿನ ಕಾರ್ಡಿಫ್‌ನಲ್ಲಿ ನಡೆಯಿತು. ಒಲಿಂಪಿಕ್ಸ್‌ಗೆ ಬರುವ ಒಟ್ಟು ತಂಡವನ್ನು ಉತ್ತರ ಐರ್ಲೆಂಡಿನವರಿದ್ದರೂ ಗ್ರೇಟ್ ಬ್ರಿಟನ್ ಎಂದೇ ಕರೆಯುತ್ತಾರೆ. ಅಲ್ಲಿಯವರೂ ಈ ವಿಷಯದಲ್ಲಿ ಅಷ್ಟೇನೂ ಕಟ್ಟುನಿಟ್ಟಿನವರಲ್ಲ.

ಹೆಚ್ಚು ತೊಡಕಿರುವುದು ಜನರನ್ನು ಹೇಳುವ ‘ಆಂಗ್ಲರು’ ಎಂಬ ಪದದಲ್ಲಿ. ಇಂಗ್ಲೆಂಡಿಗೆ ಹೆಸರು ಕೊಟ್ಟ ಆಂಗಲ್ಸ್ ಎಂಬ ಬುಡಕಟ್ಟಿನ ನೆನಪು ಈ ಪದದಲ್ಲಿ ಚೆನ್ನಾಗಿ ಉಳಿದಿದೆ, ಆದ್ದರಿಂದ ಭಾಷೆಗೆ ‘ಆಂಗ್ಲ’ ಎಂದರೆ ಆಕ್ಷೇಪವಿಲ್ಲ. ಆದರೆ ಮೈಸೂರಿನ ಚರಿತ್ರೆಯಲ್ಲಿ ನಾವು ಆಂಗ್ಲರೆಂದು ಬರೆಯುವ ಎಷ್ಟೋ ಮಂದಿ ಇಂಗ್ಲೆಂಡಿನವರೇ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಸ್ಕಾಟ್ಲೆಂಡಿನವನು. ಅದೇ ಯುದ್ಧದಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಹುಟ್ಟಿದ್ದು ಡಬ್ಲಿನ್ನಿನಲ್ಲಿ. ಕೆನರಾ ಜಿಲ್ಲೆಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೊ ಗ್ಲಾಸ್ಗೊದವನು. ಮೈಸೂರು ಸೀಮೆಯ ಮೋಜಣಿ ಮಾಡಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1834ರಿಂದ 1861ರವರೆಗೆ ಕಮಿಷನರಾಗಿದ್ದು, ಬೆಂಗಳೂರಿನ ಉದ್ಯಾನದ ಹೆಸರಿನಲ್ಲಿ ಉಳಿದಿರುವ ಮಾರ್ಕ್ ಕಬ್ಬನ್ ಇನ್ನೂ ಒಂದು ಹೆಜ್ಜೆ ಆಚೆಯವನು: ಅವನು ಹುಟ್ಟಿದ ಐಲ್ ಆಫ್ ಮ್ಯಾನ್ ದ್ವೀಪವು ಬ್ರಿಟಿಷ್ ದೊರೆಗೆ ಸೇರಿದ್ದಾದರೂ ತನ್ನದೇ ಸಂಸತ್ತನ್ನು ಹೊಂದಿದ್ದು, ಯುನೈಟೆಡ್ ಕಿಂಗ್‌ಡಮ್ಮಿನ ಭಾಗವೇ ಅಲ್ಲ. ಇವರೆಲ್ಲರನ್ನೂ ಒಳಗೊಳ್ಳಲು ‘ಬ್ರಿಟಿಷರು’ ಎಂಬುದೇ ತಕ್ಕ ಪದವೆಂದು ನನ್ನ ಅಭಿಪ್ರಾಯ. 1600ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿಯನ್ನೂ, 1615ರಲ್ಲಿ ಸೂರತ್ತಿಗೆ ಬಂದಿಳಿದ ರಾಯಭಾರಿ ಥಾಮಸ್ ರೋನನ್ನೂ ಕುರಿತು ಬರೆಯುವಾಗ ಮಾತ್ರ ‘ಇಂಗ್ಲಿಷರು’ ಸರಿ. 1707ರ ಗೆರೆಯನ್ನು ನೆನಪಿಟ್ಟುಕೊಂಡರೆ ಸಾಕು.

ದೇಶದ ಹೆಸರಿಗೆ ಬಂದರೆ, ‘ಸಂಯುಕ್ತ ಸಂಸ್ಥಾನ’ ಎಂಬ ರೂಪ ನನಗೆ ಒಪ್ಪಿಗೆಯಿಲ್ಲ. ಅದು ಅಮೆರಿಕಕ್ಕೆ ಅಂಟಿಕೊಂಡಿರುವುದಲ್ಲದೆ, ಮೈಸೂರು ಸಂಸ್ಥಾನವನ್ನು ಬಲ್ಲ ನಮ್ಮ ಕಿವಿಗೆ ಸಂಸ್ಥಾನವೆಂದರೆ ಇನ್ನೊಬ್ಬರ ಕೈಕೆಳಗಿನ ಅರಸೊತ್ತಿಗೆ. ‘ಸಂಯುಕ್ತ ರಾಜ್ಯ’ ಎಂದರೆ ನಮ್ಮ ರಾಜ್ಯಗಳ ಒಕ್ಕೂಟದಂತೆ ಕೇಳುತ್ತದೆ, ದೊರೆತನದ ಸುಳಿವೇ ಇರುವುದಿಲ್ಲ. ಪೂರ್ಣ ಹೆಸರನ್ನು ಮೊದಲು ಒಮ್ಮೆ ಕೊಟ್ಟು, ಮುಂದೆ ‘ಬ್ರಿಟನ್’ ಎಂದು ಬಳಸುವುದು ವಾಸಿಯೆನಿಸುತ್ತದೆ: ಬ್ರಿಟನ್ನಿನ, ಬ್ರಿಟನ್ನಿಗೆ, ಬ್ರಿಟನ್ನಿನಲ್ಲಿ ಎಂದು ವಿಭಕ್ತಿಗಳು ಸಲೀಸಾಗಿ ಹತ್ತುತ್ತವೆ, ಉತ್ತರ ಐರ್ಲೆಂಡನ್ನು ಸೇರಿಸಿ ಹೇಳುವ ವಾಡಿಕೆಯೂ ಪತ್ರಿಕೆಗಳಲ್ಲಿ ನೆಲೆನಿಂತಿದೆ.

ಇನ್ನು ನನ್ನ ಪ್ರಶ್ನೆಗಳು. ಸ್ಕಾಟ್ಲೆಂಡಿನ ಜನರಿಗೆ ‘ಸ್ಕಾಟರು’, ‘ಸ್ಕಾಟಿಷರು’ ಎಂಬೆರಡರಲ್ಲಿ ಯಾವುದು ಹೆಚ್ಚು ರೂಢವಾಗಿದೆ? (‘ಸ್ಕಾಚ್’ ಎಂಬುದನ್ನು ಶೀಷೆಗೇ ಬಿಡೋಣ.) ವೇಲ್ಸಿನ ಜನರಿಗೆ ‘ವೆಲ್ಷರು’ ಎಂಬ ರೂಪವನ್ನು ಯಾರಾದರೂ ಬರಹದಲ್ಲಿ ಕಂಡಿದ್ದಾರೆಯೇ, ಅಥವಾ ‘ವೇಲ್ಸಿನವರು’ ಎಂದೇ ಇರಲಿ ಎನ್ನುತ್ತೀರಾ? ಉತ್ತರ ಐರ್ಲೆಂಡಿನವರ ವಿಷಯ ಇವೆರಡಕ್ಕಿಂತ ಸೂಕ್ಷ್ಮವಾದುದು: 1998ರ ಬೆಲ್‌ಫಾಸ್ಟ್ ಒಪ್ಪಂದವು ಅವರು ತಮ್ಮನ್ನು ಐರಿಷ್ ಎಂದೋ ಬ್ರಿಟಿಷ್ ಎಂದೋ ಎರಡೂ ಎಂದೋ ಹೇಳಿಕೊಳ್ಳುವ ಹಕ್ಕನ್ನು ಮನ್ನಿಸಿದೆ. ಹಾಗಾಗಿ ಅವರನ್ನು ‘ಬ್ರಿಟಿಷರು’ ಎಂಬುದರೊಳಗೆ ಸೇರಿಸದೆ, ಯಾವ ಪಕ್ಷವನ್ನೂ ಹಿಡಿಯದ ‘ಉತ್ತರ ಐರ್ಲೆಂಡಿಗರು’ ಎಂದು ಬರೆಯಬಹುದೇ? ಕನ್ನಡಿಗರು ಎಂಬಲ್ಲಿನ ‘ಇಗ’ ಪ್ರತ್ಯಯವನ್ನು ಅನ್ಯದೇಶದ ಹೆಸರಿಗೆ ಹೀಗೆ ಹಚ್ಚುವುದು ವ್ಯಾಕರಣ ಬಲ್ಲವರಿಗೆ ಒಪ್ಪಿಗೆಯೇ ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.