ಅಪ್‌ಡೇಟ್: ಕಡಿಮೆ ತಿಂದರೂ ಹೊಟ್ಟೆ ಬರುತ್ತಿದೆ ಅಂದಿದ್ದೆನಲ್ಲ

ಇದು ಒತ್ತಡದಲ್ಲಿ ಏರುವ ಕಾರ್ಟಿಸೋಲ್ ಹಾರ್ಮೋನಿನ ಕಾಟವಾ ಅಂತ ಮೂರು ತಿಂಗಳ ಹಿಂದೆ ಕೇಳಿದ್ದೆ. ಪರೀಕ್ಷೆ ಮಾಡಿಸಿ ಅಂದವರಿಗೆಲ್ಲ ಧನ್ಯವಾದ. ಕಾರವಾರದಲ್ಲೇ ಡಾಕ್ಟರಿಗೆ ತೋರಿಸಿದೆ. ರಾತ್ರಿ 11ಕ್ಕೆ ಕಾರ್ಟಿಸೋಲ್ ಇಳಿಸುವ ಡೆಕ್ಸಾಮೆಥಾಸೋನ್ ಮಾತ್ರೆ 1 ಮಿಲಿಗ್ರಾಂ, ಬೆಳಿಗ್ಗೆ 8ಕ್ಕೆ ರಕ್ತ ಪರೀಕ್ಷೆ. ಕಾರ್ಟಿಸೋಲ್ ಇಳಿಯಬೇಕಾದಷ್ಟು ಇಳಿದಿತ್ತು, ಅಂದರೆ ದೇಹದಲ್ಲಿ ಕಾರ್ಟಿಸೋಲ್ ಅತಿಯಾಗುವ ಕುಶಿಂಗ್ ಸಿಂಡ್ರೋಮ್ ಅಲ್ಲ. ರಿಪೋರ್ಟ್ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅಷ್ಟು ಹೆದರಿದ್ದೆ.

ಹಾಗಾದರೆ ತೂಕ ಏರಿದ್ದು ಯಾಕೆ? ಡಾಕ್ಟರ್ ಮೊದಲು ಕೇಳಿದ್ದೇ ನಿದ್ದೆ ಬಗ್ಗೆ. ಅಮ್ಮನ ಆಪರೇಷನ್ ಆದಾಗಿನಿಂದ ನನಗೆ ನಾಲ್ಕೇ ಗಂಟೆ ನಿದ್ದೆ. ಒತ್ತಡ, ನಿದ್ದೆಗೇಡು ಸೇರಿದರೆ ಹಸಿವು ಜಾಸ್ತಿ ಆಗುತ್ತದಂತೆ. ನಿಜ, ರಾತ್ರಿ ಒಂದು ಗಂಟೆಗೆ ಡಬ್ಬಿಯಲ್ಲಿದ್ದ ಚಕ್ಕುಲಿ ಖಾಲಿ ಮಾಡುತ್ತಿದ್ದೆ. ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಈಗ ವಾರದಲ್ಲಿ ಮೂರು ರಾತ್ರಿ ತಂಗಿ ಅಮ್ಮನ ಹತ್ತಿರ ಮಲಗುತ್ತಾಳೆ. ಬೆಳಿಗ್ಗೆ ಟ್ಯಾಗೋರ್ ಬೀಚಿನಲ್ಲಿ ನಡೆಯುತ್ತೇನೆ. 2 ಕೆಜಿ ಇಳಿದಿದೆ.